ಆಟದ ನಕ್ಷೆಯಲ್ಲಿ ಕೃಷ್ಣಾ

ಯಾದಗಿರಿ ಜಿಲ್ಲೆಯ ನಕ್ಷೆಯನ್ನು ಕಂಪ್ಯೂಟರ್ ಆಟವೊಂದರಲ್ಲಿ ಬಿಡಿಸುವವರಿಗೆ ಯಾದಗಿರಿ, ಶಹಾಪುರ, ಸುರಪುರ, ಭೀಮಾ ಎಂಬ ಹೆಸರುಗಳು ಹೆಚ್ಚು ಕಾಡುವುದಿಲ್ಲ; ಅವುಗಳಲ್ಲಿ ಒತ್ತಕ್ಷರವೇ ಇಲ್ಲ. ತೊಡಕು ಶುರುವಾಗುವುದು ಕೃಷ್ಣಾ ನದಿಯ ಬಳಿ.

ಯುನಿಕೋಡ್‌ನಲ್ಲಿ ಈ ಹೆಸರು ಆರು ಸಂಕೇತಗಳ ಸಾಲು: ಕ, ವಟ್ರಸುಳಿ, ಷ, ಹಲಂತ, ಣ, ಇಳಿ. ಪರದೆಯ ಮೇಲೆ ಣಕಾರ ಒತ್ತಾಗಿ ಕೆಳಗಿಳಿಯಬೇಕು, ಕೊನೆಯ ಇಳಿ ಹಿಂದೆ ಸರಿದು ಷಕಾರಕ್ಕೆ ಕೂಡಬೇಕು. ಈ ಜೋಡಣೆಗೆ ಪ್ರತ್ಯೇಕ ತಂತ್ರಾಂಶ ಬೇಕು.

ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿತು. ಆದರೆ ಕನ್ನಡ ಬೆರಳಚ್ಚಿಗೆ ಮನೆಮಾತಾದ ‘ಬರಹ’ (1998), ನಂತರದ ‘ನುಡಿ’ ಎರಡೂ ವಿಂಡೋಸ್‌ಗಾಗಿ ಹುಟ್ಟಿದವು. ಲಿನಕ್ಸ್‌ನಲ್ಲಿ ಪ್ಯಾಂಗೋ, ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶಗಳೂ ಲೋಹಿತ್ ಕನ್ನಡ ಫಾಂಟೂ ದಾರಿ ಮಾಡಿಕೊಟ್ಟವು.

ಆಟಗಳ ಸರದಿ ತಡವಾಗಿ ಬಂತು. 2013ರಲ್ಲಿ ಆಟಗಳ ಅಂಗಡಿ ಸ್ಟೀಮ್ ಲಿನಕ್ಸ್‌ಗೆ ಬಂದಿತು. 2018ರ ಪ್ರೋಟಾನ್ ತಂತ್ರಾಂಶ ವಿಂಡೋಸ್ ಆಟಗಳನ್ನೂ ಅಲ್ಲಿ ಓಡಿಸಿತು. ಆಟ ಕಟ್ಟುವವರಿಗೆ ಅರ್ಜೆಂಟೀನಾ ಮೂಲದ ಗೋಡೋ ಎಂಜಿನ್ 2014ರಲ್ಲಿ ಮುಕ್ತವಾಯಿತು. ಅದು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುತ್ತಿತ್ತು, ಆದರೆ ಮೂರನೇ ಆವೃತ್ತಿಯವರೆಗೂ ಕನ್ನಡದ ಒತ್ತುಗಳನ್ನು ಜೋಡಿಸಲು ಅದಕ್ಕೆ ಬರುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿ ಹಾರ್ಫ್‌ಬಝ್ ಅನ್ನು ಒಳಗೆ ತಂದುಕೊಂಡಿತು.

ಈಗ ಆಟದ ಜೊತೆ ಕನ್ನಡ ಫಾಂಟ್ ಸೇರಿಸಿದರೆ ಸಾಕು, ಕೃಷ್ಣಾ ಸರಿಯಾಗಿಯೇ ಮೂಡುತ್ತದೆ.