ರಿಮ್ಯಾಂಡ್ ಹೋಮಿನಿಂದ ಮನೆಗೆ ಎಷ್ಟು ದೂರ?

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯ ಹುಡುಗನೊಬ್ಬ ಕಳವಿನ ಆರೋಪದಲ್ಲಿ ಸಿಕ್ಕಿಬಿದ್ದರೆ ಊರಿನ ಮಂದಿ ಇಂದಿಗೂ 'ಅವನನ್ನು ರಿಮ್ಯಾಂಡ್ ಹೋಮಿಗೆ ಹಾಕಿದ್ದಾರೆ' ಎನ್ನುತ್ತಾರೆ. ಕಾಯ್ದೆಯ ಪುಸ್ತಕದಲ್ಲಿ ಆ ಹೆಸರು ಹೋಗಿ ವೀಕ್ಷಣಾಲಯ ಎಂಬ ಹೆಸರು ಬಂದು ಹಲವು ದಶಕಗಳಾದವು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಹೆಸರಿನ ಜೊತೆಗೆ ಹಳೆಯ ಕಳಂಕವೂ ಉಳಿದಿದೆ ಎಂಬುದೇ ನಮ್ಮ ಚಿಂತೆಗೆ ಕಾರಣ.

ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆದ್ದರಿಂದ ಇಲ್ಲಿನ ಮಕ್ಕಳ ಮೇಲೆ ನಡೆದದ್ದು ಮೈಸೂರು ಅರಸರ ಕಾನೂನಲ್ಲ, ಮದ್ರಾಸಿನ ಕಾನೂನು. ಬ್ರಿಟಿಷರು 1876ರಲ್ಲಿ ರಿಫಾರ್ಮೇಟರಿ ಶಾಲೆಗಳ ಕಾಯ್ದೆ ತಂದರು. 1887ರಲ್ಲಿ ಚೆಂಗಲ್ಪಟ್ಟಿನಲ್ಲಿ ಅಂಥದೊಂದು ಶಾಲೆ ಆರಂಭವಾಯಿತು. ಶಿಕ್ಷೆಗೆ ಗುರಿಯಾದ ಹುಡುಗರಿಗೆ ಅಲ್ಲಿ ಅಕ್ಷರ ಮತ್ತು ಕಸುಬು ಕಲಿಸುವುದು ಉದ್ದೇಶ. 1897ರ ಕಾಯ್ದೆಯ ಪ್ರಕಾರ ಹುಡುಗ ಅಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಇರಬೇಕಿತ್ತು. ದೊಡ್ಡವರ ಜೈಲಿಗಿಂತ ಇದು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬಳ್ಳಾರಿ ಸೀಮೆಯ ರೈತಾಪಿ ತಾಯಿಗೆ ಚೆಂಗಲ್ಪಟ್ಟು ಪರದೇಶವೇ ಸರಿ.

ಇದಕ್ಕಿಂತ ಕಠೋರವಾದ ಇನ್ನೊಂದು 'ಸುಧಾರಣೆ'ಯೂ ಇತ್ತು. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಗುರುತಿಸಲು ಅವಕಾಶ ಕೊಟ್ಟಿತು. ನಮ್ಮ ಭಾಗದ ಕೊರಚರಂಥವರು ಅದರ ಕಣ್ಣಿಗೆ ಬಿದ್ದರು. ಮಗು ಏನೂ ತಪ್ಪು ಮಾಡದಿದ್ದರೂ ಅದನ್ನು ತಂದೆತಾಯಿಯಿಂದ ಬೇರ್ಪಡಿಸಿ ಶಾಲೆಗೆ ಸೇರಿಸುವ ಅಧಿಕಾರ ಆ ಕಾಯ್ದೆಯಲ್ಲಿತ್ತು. 1952ರಲ್ಲಿ ಅದು ದೇಶದಾದ್ಯಂತ ರದ್ದಾಯಿತು. ಆದರೆ ಊರಲ್ಲಿ ಕಳವಾದೊಡನೆ ಮೊದಲು ಯಾವ ಕೇರಿಯ ಹುಡುಗರನ್ನು ಹುಡುಕುತ್ತಾರೆ ಎಂದು ಯೋಚಿಸಿದರೆ ಅದರ ನೆರಳು ಇನ್ನೂ ಸರಿದಿಲ್ಲ ಎನಿಸುತ್ತದೆ.

ಅದೇ ಕಾಲದಲ್ಲಿ ಬೇರೊಂದು ದಾರಿಯೂ ತೆರೆದಿತ್ತು. ಮದ್ರಾಸ್ ಪ್ರಾಂತವು 1920ರಲ್ಲಿ ದೇಶದ ಮೊದಲ ಮಕ್ಕಳ ಕಾಯ್ದೆಯನ್ನು ತಂದಿತು. ಮರುವರ್ಷವೇ ಮಲಬಾರಿನಲ್ಲಿ ಬಂಡಾಯವೆದ್ದಿತು. ಸೆರೆಸಿಕ್ಕ ಮಾಪಿಳ್ಳೆಗಳಲ್ಲಿ ಅನೇಕರನ್ನು ಬಳ್ಳಾರಿಯ ಅಲ್ಲೀಪುರ ಜೈಲಿಗೆ ತಂದು ಕೂಡಿದರು. ಅತ್ತ ಅನಾಥರಾದ ಮಕ್ಕಳಿಗಾಗಿ ದೂರದ ಪಂಜಾಬಿನಿಂದ ಬಂದ ಮೌಲಾನಾ ಅಬ್ದುಲ್ ಖಾದಿರ್ ಕಸೂರಿಯವರು 1922ರಲ್ಲಿ ಕಲ್ಲಿಕೋಟೆಯಲ್ಲಿ ಯತೀಂಖಾನೆಯೊಂದನ್ನು ಸ್ಥಾಪಿಸಿದರು. ಜೆಡಿಟಿ ಇಸ್ಲಾಂ ಎಂಬ ಹೆಸರಿನಲ್ಲಿ ಅದು ಬೆಳೆದು ದೊಡ್ಡ ವಿದ್ಯಾಸಂಸ್ಥೆಯಾಗಿದೆ. 'ಬಂಡುಕೋರರ ಮಕ್ಕಳು' ಎಂಬ ಹಣೆಪಟ್ಟಿ ಹೊರಬಹುದಾಗಿದ್ದ ಮಕ್ಕಳನ್ನು ಅಲ್ಲಿ ಯತೀಮರೆಂದು ಕರೆದರು. ಕರೆಯುವ ಹೆಸರು ಬದಲಾದರೆ ಮಗುವಿನ ಬದುಕೇ ಬದಲಾಗಬಲ್ಲದು.

ಸ್ವಾತಂತ್ರ್ಯಾನಂತರ ಬಹುತೇಕ ರಾಜ್ಯಗಳಿಗೆ ಒಂದೊಂದು ಮಕ್ಕಳ ಕಾಯ್ದೆಯಿತ್ತು. ನಮ್ಮಲ್ಲಿ 1964ರ ಮೈಸೂರು ಮಕ್ಕಳ ಕಾಯ್ದೆ ಬಂತು. ಕಾಯ್ದೆಯಿದ್ದರೂ ದೇಶದ ಎಷ್ಟೋ ಜೈಲುಗಳಲ್ಲಿ ಮಕ್ಕಳು ಕೊಳೆಯುತ್ತಿದ್ದರು. ಪತ್ರಕರ್ತೆ ಶೀಲಾ ಬರ್ಸೆ ಇದನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಮಕ್ಕಳನ್ನು ಜೈಲಿನಲ್ಲಿಡಬಾರದು, ಇಡೀ ದೇಶಕ್ಕೆ ಒಂದೇ ಕಾಯ್ದೆ ಬೇಕು ಎಂದು ನ್ಯಾಯಾಲಯ 1986ರಲ್ಲಿ ಹೇಳಿತು. ಅದೇ ವರ್ಷ ಬಾಲ ನ್ಯಾಯ ಕಾಯ್ದೆ ಬಂತು. 2000ದ ಕಾಯ್ದೆ ಹುಡುಗರ ವಯೋಮಿತಿಯನ್ನು 16ರಿಂದ 18ಕ್ಕೆ ಏರಿಸಿತು. ದೆಹಲಿಯ 2012ರ ಘೋರ ಘಟನೆಯ ನಂತರ ಗಾಳಿ ತಿರುಗಿತು. 16 ತುಂಬಿದವರು ಘೋರ ಅಪರಾಧ ಎಸಗಿದ್ದರೆ ವಯಸ್ಕರಂತೆ ವಿಚಾರಣೆ ನಡೆಸಲು 2015ರ ಕಾಯ್ದೆ ದಾರಿ ಮಾಡಿತು.

ಆದರೂ ಈ ಕಾಯ್ದೆಯ ಒಳಗೆ ಕರುಣೆಗೆ ಬೇಕಾದಷ್ಟು ಜಾಗವಿದೆ. ಹಿಡಿದ ಮಗುವನ್ನು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರು ಮಹಿಳೆ. ಮಂಡಳಿ ಮಗುವನ್ನು ವಿಶೇಷ ಗೃಹಕ್ಕೆ ಕಳಿಸಿದರೂ ಮೂರು ವರ್ಷ ಮೀರುವಂತಿಲ್ಲ. 1897ರಲ್ಲಿ ಕನಿಷ್ಠವಾಗಿದ್ದದ್ದು ಈಗ ಗರಿಷ್ಠವಾಗಿದೆ. ನೂರು ವರ್ಷಗಳ ನಡಿಗೆಯ ಸಾರ ಇಷ್ಟರಲ್ಲೇ ಇದೆ. ಓದು, ಕಸುಬು, ಆಪ್ತ ಸಮಾಲೋಚನೆ, ಪ್ರತಿ ಮಗುವಿಗೂ ಪ್ರತ್ಯೇಕ ಆರೈಕೆ ಯೋಜನೆ ಇವೆಲ್ಲ ದಾನವಲ್ಲ, ಮಗುವಿನ ಹಕ್ಕು. ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಮಾತ್ರ ಎನ್ನುತ್ತದೆ ಕಾಯ್ದೆ.

ಹಾಗಾದರೆ ತೊಡಕು ಎಲ್ಲಿದೆ? ಮೊದಲನೆಯದು ದೂರ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಹಗರಿಬೊಮ್ಮನಹಳ್ಳಿ ಅದಕ್ಕೆ ಸೇರಿತು. ಜಿಲ್ಲಾ ಕೇಂದ್ರ ಹೊಸಪೇಟೆಗೆ ಹತ್ತಿರವಾದರೂ ಮಕ್ಕಳ ಸಂಸ್ಥೆಗಳು ತಲೆಮಾರುಗಳಿಂದ ಇದ್ದದ್ದು ಬಳ್ಳಾರಿಯಲ್ಲಿ. ಬಳ್ಳಾರಿಗೆ ಹೋಗಿಬರುವುದೆಂದರೆ ಕೂಲಿಯವರಿಗೆ ಒಂದು ದಿನದ ದುಡಿಮೆ ಮತ್ತು ಬಸ್ ಚಾರ್ಜು ಎರಡೂ ಹೋದಂತೆ. ಗುಳೆ ಹೋದ ತಂದೆತಾಯಿಗಂತೂ ಜಾಮೀನಿಗೆ ಬರುವುದೇ ಕಷ್ಟ. ಬಡವರ ಮಗು ಒಳಗೆ ಹೆಚ್ಚು ದಿನ ಉಳಿಯಲು ಅಪರಾಧದ ತೂಕಕ್ಕಿಂತ ಮನೆಯವರ ಬಡತನವೇ ಕಾರಣವಾಗಿಬಿಡುತ್ತದೆ.

ಎರಡನೆಯದು ಊರಿನ ಮನಸ್ಸು. ಬಿಡುಗಡೆಯಾಗಿ ಬಂದ ಮಗುವಿಗೆ ಹಳೆಯ ಪ್ರಕರಣ ಯಾವ ಅನರ್ಹತೆಯನ್ನೂ ತರಬಾರದೆಂಬುದು ಕಾಯ್ದೆಯ ಸಾಮಾನ್ಯ ನಿಯಮ. ಗುರುತು ಬಹಿರಂಗಪಡಿಸುವುದು ಅಪರಾಧ. ಆದರೆ ಶಾಲೆಯ ಬಾಗಿಲಲ್ಲಿ, ಗ್ಯಾರೇಜಿನಲ್ಲಿ, ಮೊಹಲ್ಲಾದ ಕಟ್ಟೆಯ ಮೇಲೆ ನಡೆಯುವ ತೀರ್ಪನ್ನು ಯಾವ ಕಾಯ್ದೆ ತಡೆಯಬಲ್ಲದು?

ಇಸ್ಲಾಮೀ ಧರ್ಮಶಾಸ್ತ್ರವು ಪ್ರಾಯಕ್ಕೆ ಬಾರದ ಮಗುವಿನ ಮೇಲೆ ವಯಸ್ಕರ ಹೊಣೆಯನ್ನು ಹೊರಿಸುವುದಿಲ್ಲ. ಯತೀಮನನ್ನು ಗದರಿ ಅಟ್ಟುವುದನ್ನು ಕುರ್‌ಆನ್ ಖಂಡಿಸುತ್ತದೆ. ಇದನ್ನು ಜುಮಾ ಭಾಷಣದಲ್ಲಿ ಕೇಳುವ ನಾವು ನಮ್ಮದೇ ಕೇರಿಯ ಪಿಂಜಾರರ ಹುಡುಗ, ಪಕ್ಕದ ತಾಂಡಾದ ಲಂಬಾಣಿ ಹುಡುಗ ಮರಳಿ ಬಂದಾಗ ಎಲ್ಲಿರುತ್ತೇವೆ? ಜಾಮೀನಿಗೆ ದಾರಿ ತಿಳಿಯದ ತಾಯಿಯನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಲು, ಬಸ್ ಚಾರ್ಜು ಕೊಡಲು, ಹುಡುಗನನ್ನು ಮತ್ತೆ ಶಾಲೆಗೆ ಸೇರಿಸಲು ದೊಡ್ಡ ನಿಧಿಯೇನೂ ಬೇಕಿಲ್ಲ. ಒಂದು ಮಸೀದಿ ಕಮಿಟಿ, ಒಂದು ಮಠ, ಒಂದು ಯುವಕ ಸಂಘ ಮನಸ್ಸು ಮಾಡಿದರೆ ಸಾಕು. ಸರಕಾರದ ಕಟ್ಟಡ ಮಗುವನ್ನು ಕೆಲವು ತಿಂಗಳು ಕಾಯಬಲ್ಲದು. ಅನಂತರದ ಬದುಕನ್ನು ಕಾಯಬೇಕಾದವರು ನಾವು.