ಬೆದೆಯ ನಂತರದ ಎರಡು ತಿಂಗಳು: ಮುಧೋಳ ಹೆಣ್ಣುನಾಯಿಯ ಮೊಲೆಗಂಟಿನ ಬಗ್ಗೆ ಒಂದು ಟಿಪ್ಪಣಿ

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮುಧೋಳ ಬೇಟೆನಾಯಿಯ ತಳಿ ಉಳಿಸುವುದು ಅದರ ಮುಖ್ಯ ಕೆಲಸ. ತಳಿ ಉಳಿಯಬೇಕಾದರೆ ಹೆಣ್ಣುನಾಯಿಗಳ ಅಂಡಾಶಯ ತೆಗೆಯುವಂತಿಲ್ಲ. ಅಂಡಾಶಯ ಉಳಿಸಿಕೊಂಡ ಹೆಣ್ಣುನಾಯಿಗಳಲ್ಲಾದರೋ ಬೇರೆಲ್ಲ ಗಡ್ಡೆಗಳಿಗಿಂತ ಹೆಚ್ಚಾಗಿ ಕಾಣುವುದು ಮೊಲೆಯ ಗಡ್ಡೆ. ಸ್ತನ ಕ್ಯಾನ್ಸರಿನಲ್ಲಿ ಹಾರ್ಮೋನು ಗ್ರಾಹಕಗಳೂ ಬೆಳವಣಿಗೆ ಅಂಶಗಳೂ ಹೇಗೆ ಕೈಜೋಡಿಸುತ್ತವೆ ಎಂಬ ಪ್ರಶ್ನೆಗೆ ಈ ನಾಯಿಗಳ ಮೈಯಲ್ಲೇ ಒಂದು ಉತ್ತರ ಇದೆ ಎಂಬುದು ನನ್ನ ವಾದ. ಆದರೆ ಅದು ಎಲ್ಲರೂ ಹುಡುಕುವ ಕಡೆ ಇಲ್ಲ.

ನಾಯಿಗೆ ಸಾಮಾನ್ಯವಾಗಿ ಐದು ಜೋಡಿ ಮೊಲೆ. ಗಡ್ಡೆ ಹೆಚ್ಚಾಗಿ ಹುಟ್ಟುವುದು ಹಿಂದಿನ ಎರಡು ಜೋಡಿಗಳಲ್ಲಿ. ಅಲ್ಲಿ ಗ್ರಂಥಿಯೂ ದೊಡ್ಡದು. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ತೊಡೆಸಂದಿಯಿಂದ ಮುಂದಕ್ಕೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತ ಬರಬೇಕು. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಜೋಳದ ಕಾಳಿನಷ್ಟು ಗಂಟಿದ್ದರೂ ಬೆರಳಿಗೆ ಸಿಗುತ್ತದೆ.

1969ರಲ್ಲಿ ಶ್ನೈಡರ್, ಡಾರ್ನ್ ಮತ್ತು ಟೇಲರ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಬೆದೆಗೆ ಮುನ್ನ ಅಂಡಾಶಯ ತೆಗೆಸಿದ ನಾಯಿಗಳಿಗೆ ಮೊಲೆಯ ಕ್ಯಾನ್ಸರಿನ ಅಪಾಯ ತೆಗೆಸದವುಗಳ ಅಪಾಯದ ಶೇ. 0.5 ಮಾತ್ರ, ಒಂದು ಬೆದೆಯ ನಂತರ ತೆಗೆಸಿದರೆ ಶೇ. 8, ಎರಡರ ನಂತರ ಶೇ. 26. ಇದನ್ನು ‘ನೂರಕ್ಕೆ 26 ನಾಯಿಗಳಿಗೆ ಕ್ಯಾನ್ಸರ್’ ಎಂದು ಓದುವವರಿದ್ದಾರೆ. ಅದು ತಪ್ಪು, ಇದು ಹೋಲಿಕೆಯ ಲೆಕ್ಕ. 2012ರ ಒಂದು ವಿಮರ್ಶೆ ಈ ಬಗೆಯ ಪುರಾವೆಗಳನ್ನೆಲ್ಲ ತೂಗಿ ನೋಡಿ ಅವು ದುರ್ಬಲ ಎಂದಿತು. ಅಂಕಿಗಳ ಖಚಿತತೆಯನ್ನು ನಾನೂ ನಂಬುವುದಿಲ್ಲ. ಆದರೆ ಅವು ತೋರುವ ದಿಕ್ಕಿಗೆ ಜೀವಕ್ರಿಯೆಯ ಆಧಾರವಿದೆ.

ಆ ಆಧಾರ ಬೆದೆಯ ನಂತರದ ದಿನಗಳಲ್ಲಿದೆ. ಹೆಂಗಸರಲ್ಲಿ ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಎರಡು ವಾರದಲ್ಲಿ ಇಳಿಯುತ್ತದೆ. ನಾಯಿಯಲ್ಲಿ ಹಾಗಲ್ಲ. ಗಬ್ಬವಾಗಲಿ ಬಿಡಲಿ, ಸುಮಾರು ಎರಡು ತಿಂಗಳು ಅದು ರಕ್ತದಲ್ಲಿ ಏರಿಯೇ ಇರುತ್ತದೆ. ಈ ಪ್ರೊಜೆಸ್ಟರಾನ್ ಮೊಲೆಯ ಅಂಗಾಂಶದಲ್ಲೇ ಬೆಳವಣಿಗೆಯ ಹಾರ್ಮೋನು ಉತ್ಪತ್ತಿಯಾಗುವಂತೆ ಮಾಡುತ್ತದೆ. ಅದು ಮೆದುಳಿನ ಬುಡದ ಪಿಟ್ಯುಟರಿಯ ಸೊತ್ತು ಎಂದು ನಾವೆಲ್ಲ ಕಲಿತದ್ದು. ನೆದರ್ಲೆಂಡ್ಸಿನ ಉಟ್ರೆಕ್ಟ್ ಗುಂಪು 1994ರಲ್ಲಿ ತೋರಿಸಿಕೊಟ್ಟದ್ದು ಬೇರೆ: ಪ್ರೊಜೆಸ್ಟರಾನಿನಂತೆ ವರ್ತಿಸುವ ಪ್ರೊಜೆಸ್ಟಿನ್ ಔಷಧ ಕೊಟ್ಟ ನಾಯಿಗಳಲ್ಲಿ ಹೆಚ್ಚುವ ಆ ಹಾರ್ಮೋನು ಬರುವುದು ಮೊಲೆಯಿಂದ. ಮೊಲೆಗ್ರಂಥಿಗಳನ್ನು ತೆಗೆದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಮುಂದಿನ ವರ್ಷ ಅದೇ ಗುಂಪು ಮನುಷ್ಯರ ಸ್ತನದ ಅಂಗಾಂಶದಲ್ಲೂ ಆ ಜೀನಿನ ಸಂದೇಶವನ್ನು ಕಂಡಿತು.

ಅಂದರೆ ಒಂದು ಕೋಶದ ಹಾರ್ಮೋನು ಗ್ರಾಹಕಕ್ಕೆ ಬಂದ ಸುದ್ದಿ ಬೆಳವಣಿಗೆ ಅಂಶದ ರೂಪ ತಾಳಿ ನೆರೆಯ ಕೋಶಕ್ಕೆ ಹೋಗುತ್ತದೆ. ಜೊತೆಗೆ ಐಜಿಎಫ್-1 ಎಂಬ ಇನ್ನೊಂದು ಬೆಳವಣಿಗೆ ಅಂಶ ಸೇರಿ ಕೋಶಗಳು ಒಡೆದು ಹೆಚ್ಚುತ್ತವೆ. ಬೆದೆ ತಡೆಯಲು ಪ್ರೊಜೆಸ್ಟಿನ್ ಚುಚ್ಚುಮದ್ದು ಕೊಡುವುದನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ಮನುಷ್ಯರಲ್ಲಿ ಇದೇ ಸಂಬಂಧ ಎದುರು ದಿಕ್ಕಿನಿಂದಲೂ ನಡೆಯುತ್ತದೆ. ಹೊರಗಿನ ಬೆಳವಣಿಗೆ ಅಂಶ ಕೋಶದೊಳಗಿನ ಮ್ಯಾಪ್ ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸಿದರೆ, ಅದು ಈಸ್ಟ್ರೊಜೆನ್ ಗ್ರಾಹಕದ 118ನೇ ಸ್ಥಾನದ ಸೆರೀನಿಗೆ ಫಾಸ್ಫೇಟು ಅಂಟಿಸಿ ಗ್ರಾಹಕವನ್ನು ಚುರುಕುಗೊಳಿಸುತ್ತದೆ. ಇದು 1995ರಲ್ಲಿ ಗೊತ್ತಾಯಿತು. 2004ರಲ್ಲಿ ಹೂಸ್ಟನ್ನಿನ ಗುಂಪೊಂದು, ಹರ್-2 ಎಂಬ ಬೆಳವಣಿಗೆ ಅಂಶದ ಗ್ರಾಹಕ ಹೇರಳವಾಗಿರುವ ಕೋಶಗಳಲ್ಲಿ, ಈಸ್ಟ್ರೊಜೆನ್ ಗ್ರಾಹಕಕ್ಕೆ ಅಡ್ಡ ನಿಲ್ಲುವ ಔಷಧವಾದ ಟಮಾಕ್ಸಿಫೆನ್ ಬೆಳವಣಿಗೆ ತಡೆಯುವ ಬದಲು ಈಸ್ಟ್ರೊಜೆನ್ನಿನಂತೆಯೇ ಬೆಳೆಸುತ್ತದೆ ಎಂದು ತೋರಿಸಿತು.   ಟಮಾಕ್ಸಿಫೆನ್ನಿನ ಈ ಇಬ್ಬಗೆ ನಾಯಿಯಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ: ಗರ್ಭಕೋಶದ ಮೇಲೆ ಅದು ಈಸ್ಟ್ರೊಜೆನ್ನಿನಂತೆ ವರ್ತಿಸಿ ಕೀವು ತುಂಬಿಸಬಲ್ಲದು. ಆದ್ದರಿಂದಲೇ ಪಶುವೈದ್ಯರು ಅದನ್ನು ಬಳಸಲು ಹಿಂಜರಿಯುತ್ತಾರೆ.

ಹಾಗೆಂದು ನಾಯಿಯ ರೋಗ ಹೆಂಗಸಿನ ರೋಗದ ಪಡಿಯಚ್ಚಲ್ಲ. ನಾಯಿಯ ಗಡ್ಡೆಗಳಲ್ಲೂ ಹರ್-2 ಹೆಚ್ಚಿದೆ ಎಂದು ಅನೇಕ ವರದಿಗಳು ಬಂದವು. ಅವುಗಳಲ್ಲಿ ಬಹಳಷ್ಟು ನಿಂತಿರುವುದು ಮನುಷ್ಯರಿಗಾಗಿ ತಯಾರಾದ ಪ್ರತಿಕಾಯದ ಮೇಲೆ. 2015ರಲ್ಲಿ ಇಟಲಿಯ ಸಂಶೋಧಕರು ಆ ಪ್ರತಿಕಾಯ ನಾಯಿಯ ಹರ್-2ಅನ್ನೇ ಹಿಡಿಯುತ್ತದೆಯೇ ಎಂಬುದನ್ನೇ ಪ್ರಶ್ನಿಸಿದರು. ಪ್ರತಿಕಾಯ ತಾಗಿ ಬಣ್ಣ ಬಂದದ್ದಕ್ಕೆಲ್ಲ ಗ್ರಾಹಕ ಎಂದು ಹೆಸರಿಡಲಾಗದು. ತಿಮ್ಮಾಪುರದ ನಾಯಿಗಳಲ್ಲಿ ಮೊದಲು ನೋಡಬೇಕಾದದ್ದು ಪ್ರೊಜೆಸ್ಟರಾನ್, ಬೆಳವಣಿಗೆಯ ಹಾರ್ಮೋನು, ಐಜಿಎಫ್-1 ಎಂಬ ಸಾಲನ್ನು ಎಂದು ನಾನು ಹೇಳುವುದು ಇದಕ್ಕೇ.

ಅದಕ್ಕೆ ದುಬಾರಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಂದು ಸೀಸೆ. ಮನುಷ್ಯರ ಸ್ತನದ ಮಾದರಿಗೆ ಇರುವ ನಿಯಮವೇ ಇಲ್ಲಿಗೂ ಸಾಕು: ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಆರು ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ಅದರಲ್ಲಿಡಬೇಕು. ದೊಡ್ಡ ಗಡ್ಡೆಯನ್ನು ಇಡಿಯಾಗಿ ಮುಳುಗಿಸಿದರೆ ದ್ರವ ಒಳಗೆ ಇಳಿಯುವಷ್ಟರಲ್ಲಿ ನಡುಭಾಗ ಕೆಟ್ಟಿರುತ್ತದೆ, ಗ್ರಾಹಕ ಇದ್ದರೂ ಇಲ್ಲವೆಂದು ಬರುತ್ತದೆ. ಹೋಳು ಮಾಡಿಯೇ ಹಾಕಬೇಕು. ಇನ್ನು ಸೀಸೆಯ ಚೀಟಿಯಲ್ಲಿ ವಯಸ್ಸಿನ ಜೊತೆಗೆ ಎಷ್ಟು ಸಲ ಮರಿ ಹಾಕಿದೆ, ಹಾರ್ಮೋನಿನ ಚುಚ್ಚುಮದ್ದು ಆಗಿದೆಯೇ, ಕೊನೆಯ ಬೆದೆ ಯಾವ ದಿನ ಎಂಬುದೂ ಇರಬೇಕು. ಬೆದೆ ಮುಗಿದು 30 ದಿನವಾದ ನಾಯಿಯ ಮೊಲೆಯೂ 150 ದಿನವಾದದ್ದರ ಮೊಲೆಯೂ ಸೂಕ್ಷ್ಮದರ್ಶಕದಡಿ ಒಂದೇ ಅಲ್ಲ.