ಕುದುರೆಮುಖ: ಒಂದು ಗಣಿ, ಹಲವು ಋಣಗಳು

ಕಳಸದಿಂದ ಕಾರ್ಕಳದ ಕಡೆಗೆ ಘಟ್ಟದ ರಸ್ತೆ ಹಿಡಿದವರಿಗೆ ಕುದುರೆಮುಖ ಪಟ್ಟಣ ಎದುರಾಗುತ್ತದೆ. ಒಂದು ಕಾಲದಲ್ಲಿ ಶಾಲೆ, ಆಸ್ಪತ್ರೆ, ಸಾಲು ಸಾಲು ವಸತಿಗೃಹಗಳಿಂದ ತುಂಬಿದ್ದ ಊರಿದು. ಇಲ್ಲಿನ ಗಣಿ 2005ರ ಕೊನೆಗೆ ಮುಚ್ಚಿತು. ಆಮೇಲೆ ಜನ ಒಬ್ಬೊಬ್ಬರಾಗಿ ಘಟ್ಟ ಇಳಿದರು. ಈ ಗಣಿ ಹುಟ್ಟಿದ್ದೂ ಮುಚ್ಚಿದ್ದೂ ಅದಿರಿನ ಲಾಭ ನಷ್ಟದ ಲೆಕ್ಕದಿಂದ ಮಾತ್ರವಲ್ಲ. ದೂರದ ಒಂದು ದೇಶದ ರಾಜಕಾರಣ, ಮಲೆನಾಡಿನ ಜನರ ಹೋರಾಟ ಮತ್ತು ಒಂದು ಹೊಳೆಯ ನೀರು, ಮೂರೂ ಅದರ ಹಣೆಬರಹ ಬರೆದವು.

ಕುದುರೆಮುಖದ ಒಡಲಲ್ಲಿ ಮ್ಯಾಗ್ನಟೈಟ್ ಅದಿರು ಇದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಆದರೆ ಅದು ಬಡ ಅದಿರು. ಅದರಲ್ಲಿ ಕಬ್ಬಿಣದ ಅಂಶ ಶೇಕಡಾ 40ಕ್ಕಿಂತ ಕಡಿಮೆ. ಅಗೆದದ್ದನ್ನು ಪುಡಿ ಮಾಡಿ, ತೊಳೆದು, ಸಾಂದ್ರಗೊಳಿಸಿದರೆ ಮಾತ್ರ ಕೊಳ್ಳುವವರು ಸಿಗುತ್ತಾರೆ. ಅದಕ್ಕೆ ಬೇಕಾದ ಬಂಡವಾಳ ದೊಡ್ಡದು. ಹೀಗಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಟ್ಟ ತನ್ನ ಪಾಡಿಗೆ ತಾನಿತ್ತು. 1969ರಲ್ಲಿ 30 ವರ್ಷಗಳ ಗಣಿ ಗುತ್ತಿಗೆ ದೊರೆತ ಮೇಲೂ ಕೆಲಸ ಕೂಡಲೇ ಶುರುವಾಗಲಿಲ್ಲ.

ಹಣ ಬಂದದ್ದು ಇರಾನಿನಿಂದ. 1973ರಲ್ಲಿ ತೈಲದ ಬೆಲೆ ಏಕಾಏಕಿ ಏರಿದಾಗ ಇರಾನಿನ ದೊರೆ ಷಾ ಅವರ ಬೊಕ್ಕಸ ತುಂಬಿತು. ತಮ್ಮ ದೇಶದಲ್ಲಿ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಲು ಹೊರಟ ಅವರಿಗೆ ಅದಿರು ಬೇಕಿತ್ತು. ತೈಲದ ಬಿಲ್ ಕಟ್ಟಲು ಪರದಾಡುತ್ತಿದ್ದ ಭಾರತಕ್ಕೆ ವಿದೇಶಿ ವಿನಿಮಯ ಬೇಕಿತ್ತು. 1975ರ ನವೆಂಬರ್‌ನಲ್ಲಿ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರ ಅದಿರು ಕಳಿಸುವುದು. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಒಡೆತನದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಆಗ ದೇಶದಲ್ಲಿ ತುರ್ತುಪರಿಸ್ಥಿತಿ. ಕಾಡಿನ ಪರವಾಗಿ ಯಾರಾದರೂ ದನಿ ಎತ್ತಬಹುದಾಗಿದ್ದ ಕಾಲವೂ ಅದಲ್ಲ.

ಕೆಲಸ ಭರದಿಂದ ನಡೆಯಿತು. ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ, ಅದಿರು ತೊಳೆದ ಕೆಸರನ್ನು ತಡೆದಿಡಲು ಅಣೆಕಟ್ಟೆ ಎದ್ದಿತು. ನೀರಿನಲ್ಲಿ ಕಲಸಿದ ಅದಿರಿನ ಪುಡಿ ಘಟ್ಟ ಇಳಿದು ಮಂಗಳೂರಿನ ಬಂದರಿಗೆ ಹರಿಯಲು 67 ಕಿ.ಮೀ. ಉದ್ದದ ಕೊಳವೆ ಹಾಕಲಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಸ್ಥಾವರ 1980ರಲ್ಲಿ ಸಿದ್ಧವಾಯಿತು.

ಆದರೆ ಅಷ್ಟರಲ್ಲಿ ಕೊಳ್ಳುವವರೇ ಇರಲಿಲ್ಲ! 1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು, ಇರಾನಿನಲ್ಲಿ ಕ್ರಾಂತಿಯಾಯಿತು. 25.5 ಕೋಟಿ ಡಾಲರ್ ಬಂದ ಮೇಲೆ ಸಾಲದ ಕಂತು ನಿಂತಿತು. ಉಳಿದ ಹಣವನ್ನು ಭಾರತ ಸರ್ಕಾರವೇ ಹೊಂದಿಸಬೇಕಾಯಿತು. ಟೆಹರಾನಿನ ಬೀದಿಯ ಘೋಷಣೆ ಮೂಡಿಗೆರೆ ತಾಲ್ಲೂಕಿನ ಒಂದು ಬೆಟ್ಟದ ಲೆಕ್ಕಪುಸ್ತಕವನ್ನು ತಲೆಕೆಳಗು ಮಾಡಿತ್ತು. ಕಂಪೆನಿ ಹೊಸ ಗಿರಾಕಿಗಳನ್ನು ಹುಡುಕಿತು. ಮಂಗಳೂರಿನಲ್ಲಿ ಪುಡಿಯನ್ನು ಉಂಡೆಗಟ್ಟುವ ಪೆಲೆಟ್ ಸ್ಥಾವರ ತೆರೆಯಿತು. ಜಪಾನ್, ಚೀನಾಗಳಿಗೆ ಅದಿರು ಹೋಯಿತು. ಸಾವಿರಾರು ಕುಟುಂಬಗಳು ಇದರಿಂದ ಬದುಕಿದವು ಎಂಬುದನ್ನು ಮರೆಯುವಂತಿಲ್ಲ.

ಗಣಿಯ ಸುತ್ತ ಇದ್ದದ್ದು ಬರಿ ಗುಡ್ಡವಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಶೋಲಾ ಕಾಡು ಮತ್ತು ಹುಲ್ಲುಗಾವಲು. ಸಿಂಗಳೀಕಗಳ ನೆಲೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಸೀಮೆ. ಅಷ್ಟು ಮಳೆಯಲ್ಲಿ ತೆರೆದ ಬೆಟ್ಟದ ಮಣ್ಣು ನಿಂತೀತೆ? ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಾಳೆ, ಹೂಳು ಕೆಳಗಿನ ಗದ್ದೆ ತೋಟಗಳಿಗೂ ಜಲಾಶಯಕ್ಕೂ ಸೇರುತ್ತದೆ ಎಂಬುದು ನದಿಪಾತ್ರದ ಜನರ ದೂರಾಗಿತ್ತು.

ಗಣಿ ಹಾಗೆಯೇ ಇದ್ದರೂ ಅದರ ಸುತ್ತಲಿನ ಕಾನೂನು ಬದಲಾಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಟಿತು. 1999ರಲ್ಲಿ ಗುತ್ತಿಗೆ ಮುಗಿದಾಗ, ಸುಮಾರು 4,600 ಹೆಕ್ಟೇರ್ ಪ್ರದೇಶದ ಈ ಗುತ್ತಿಗೆಯನ್ನು ನವೀಕರಿಸುವುದು ಬರಿ ಕಡತಕ್ಕೆ ಸಹಿ ಹಾಕುವ ಕೆಲಸವಾಗಿರಲಿಲ್ಲ. ಕಂಪೆನಿಯ ಕಣ್ಣು ನೆಲ್ಲಿಬೀಡು, ಗಂಗಡಿಕಲ್ಲುಗಳ ಮೇಲೂ ಇತ್ತು. ತುಂಗಾ ಮೂಲ ಉಳಿಸಿ ಎಂದು ಮಲೆನಾಡಿನಲ್ಲಿ ಚಳವಳಿ ಎದ್ದಿತು. ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ಇದನ್ನು ಪರಿಸರದ ಗೆಲುವು ಎಂದವರುಂಟು. ಅದು ನಿಜವೇ. ಆದರೆ ಅದಕ್ಕೂ ಬೆಲೆ ಇತ್ತು. ಗಣಿ ನಂಬಿದವರು ಊರು ಬಿಟ್ಟರು. ಇನ್ನೊಂದೆಡೆ, ಉದ್ಯಾನದ ಒಳಗಿದ್ದ ಮಲೆಕುಡಿಯ ಮೊದಲಾದ ಸಮುದಾಯಗಳಿಗೆ ಒಕ್ಕಲೆಬ್ಬಿಸುವ ಭಯ ಶುರುವಾಯಿತು. ಗಣಿ ಕಂಪೆನಿ ದಶಕಗಳ ಕಾಲ ಬೆಟ್ಟ ಅಗೆಯಬಹುದು, ನಾವು ಮಾತ್ರ ಜೇನು ಸೀಗೆ ತರುವಂತಿಲ್ಲವೆ ಎಂಬ ಅವರ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲಿಲ್ಲ. ಆ ಅಸಮಾಧಾನದ ನಡುವೆಯೇ ನಕ್ಸಲ್ ಚಳವಳಿ ಈ ಕಾಡಿಗೆ ಕಾಲಿಟ್ಟಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಗುಂಡಿನ ಸದ್ದು ಕೇಳಿತು.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಲ್ಲಿ ಬೆಟ್ಟ ಅಗೆದದ್ದು ಯಾವುದೋ ಖಾಸಗಿ ಸಾಹುಕಾರನಲ್ಲ, ಸರ್ಕಾರವೇ. ಗುತ್ತಿಗೆ ಕೊಟ್ಟದ್ದು ಸರ್ಕಾರ, ಕಂಪೆನಿ ನಡೆಸಿದ್ದು ಸರ್ಕಾರ, ಅದೇ ಕಾಡನ್ನು ಉದ್ಯಾನವೆಂದು ಸಾರಿದ್ದೂ ಸರ್ಕಾರ. ಹೀಗಿರುವಾಗ ನ್ಯಾಯ ಹೇಳಲು ಮೂರನೆಯವರು ಬೇಕಾಯಿತು. ಆ ಕೆಲಸವನ್ನು ಬೀದಿಗಿಳಿದ ಜನ ಮತ್ತು ನ್ಯಾಯಾಲಯ ಮಾಡಿದವು.

ಕಂಪೆನಿ ಅಲ್ಲಿಗೇ ಮುಗಿಯಲಿಲ್ಲ. ಹೊರಗಿನಿಂದ ಅದಿರು ಕೊಂಡು ಪೆಲೆಟ್ ಮಾಡಿತು, ಬೇರೆ ಗಣಿಗಾಗಿ ಹುಡುಕಿತು. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯ ಅದಕ್ಕೆ ಗೊತ್ತಾಯಿತು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಆ ಕಡತಕ್ಕೆ ಸಹಿ ಹಾಕಿದಾಗ ವಿರೋಧ ಎದ್ದಿತು. ಕುದುರೆಮುಖದ ಹಳೆಯ ಉಲ್ಲಂಘನೆಗಳ ಬಾಕಿ ತೀರುವವರೆಗೆ ಅರಣ್ಯ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಮುಚ್ಚಿ ಸುಮಾರು ಎರಡು ದಶಕ ಕಳೆದ ಮೇಲೂ ಒಂದು ಗಣಿಯ ಲೆಕ್ಕ ಚುಕ್ತಾ ಆಗಿರಲಿಲ್ಲ.

ಇರಾನಿನ ಸಾಲವನ್ನು ಡಾಲರಿನಲ್ಲಿ ಬರೆದಿಡಬಹುದಿತ್ತು. ಭದ್ರೆಯಲ್ಲಿ ಹರಿದ ಮಣ್ಣನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಹೊಸ ಗುತ್ತಿಗೆಗೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡರೆ ಒಳ್ಳೆಯದು.